ನೀಲಿ ಕೂಸಿನ ಹೃದಯರಚನೆ: ದೆಹಲಿಯ ಅಧ್ಯಯನದ ಒಂದು ಎಳೆ

ಮಗುವಿನ ಹೃದಯದಲ್ಲಿ ‘ತೂತು’ ಇದೆಯೆಂಬ ಮಾತು ಆಡುಗನ್ನಡದಲ್ಲಿ ರೂಢವಾಗಿದೆ. ಹೃತ್ಕರ್ಣಗಳ ಅಥವಾ ಹೃತ್ಕುಕ್ಷಿಗಳ ನಡುಗೋಡೆ ಪೂರ್ಣಗೊಳ್ಳದೆ ಉಳಿದಲ್ಲಿ ಅದು ಸಲ್ಲುತ್ತದೆ. ಆದರೆ ಮೈ ನೀಲಿಗಟ್ಟುವ ಕೂಸುಗಳ ವಿಷಯದಲ್ಲಿ ಈ ಪದ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ರಂಧ್ರದಷ್ಟೇ ಮುಖ್ಯವಾದುದು ಇಕ್ಕಟ್ಟಾದ ಹಾದಿ.

ಮಾರ್ಸೇಯ ವೈದ್ಯ ಎತಿಯೆನ್ ಫಾಲೋ 1888ರಲ್ಲಿ ಈ ರೋಗದ ನಾಲ್ಕು ಲಕ್ಷಣಗಳನ್ನು ಒಟ್ಟುಗೂಡಿಸಿ ವಿವರಿಸಿದನು: ಹೃತ್ಕುಕ್ಷಿಗಳ ನಡುವಣ ರಂಧ್ರ, ಶ್ವಾಸಕೋಶದತ್ತ ಸಾಗುವ ದಾರಿಯ ಸಂಕೋಚ, ರಂಧ್ರದ ಮೇಲೆ ಸವಾರಿ ಮಾಡಿದಂತೆ ನಿಂತ ಮಹಾಧಮನಿ, ದಪ್ಪಗೊಂಡ ಬಲಹೃತ್ಕುಕ್ಷಿ. ವಾಸ್ತವವಾಗಿ ಇವು ನಾಲ್ಕು ಬಿಡಿ ದೋಷಗಳಲ್ಲ. ಭ್ರೂಣದಲ್ಲಿ ಹೊರದಾರಿಯನ್ನು ಇಬ್ಭಾಗಿಸುವ ಗೋಡೆ ಮುಂದಕ್ಕೆ ಸರಿದುದರಿಂದ ಮೊದಲ ಮೂರೂ ಉಂಟಾಗುತ್ತವೆ. ನಾಲ್ಕನೆಯದು ಒತ್ತಡದ ಫಲ. ಆಮ್ಲಜನಕ ಕಡಿಮೆಯಿರುವ ರಕ್ತವು ನೇರವಾಗಿ ಮಹಾಧಮನಿಗೆ ಸೇರುವುದರಿಂದ ಮೈ ನೀಲಿಯಾಗುತ್ತದೆ.

ಫಾಲೋ ಕಂಡದ್ದು ಮೃತರ ಹೃದಯಗಳನ್ನು. ಬದುಕಿರುವ ಮಗುವಿನಲ್ಲಿ ಇದೇ ರಚನೆಯನ್ನು ಓದುವ ಕ್ರಮವನ್ನು ರೂಪಿಸಿದವರಲ್ಲಿ ಅಮೆರಿಕೆಯ ಜಾನ್ಸ್ ಹಾಪ್‌ಕಿನ್ಸ್‌ನ ಹೆಲೆನ್ ಟಾಸಿಗ್ ಅಗ್ರಗಣ್ಯರು. ಗರ್ಭದಲ್ಲಿ ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ಸೇತುವೆಯಾಗಿದ್ದ ನಾಳ ಜನನಾನಂತರ ಮುಚ್ಚಿಕೊಂಡಾಗ ಇಂಥ ಕೂಸುಗಳ ಸ್ಥಿತಿ ಹದಗೆಡುವುದನ್ನು ಅವರು ಗುರುತಿಸಿದರು. ಹಾಗಾದರೆ ಕೃತಕ ಸೇತುವೆಯೊಂದನ್ನು ಏಕೆ ಕಟ್ಟಬಾರದು? ವಿವಿಯನ್ ಥಾಮಸ್ ಪ್ರಯೋಗಶಾಲೆಯಲ್ಲಿ ಸಿದ್ಧಗೊಳಿಸಿದ ವಿಧಾನದಿಂದ ಆಲ್‌ಫ್ರೆಡ್ ಬ್ಲೇಲಾಕ್ 1944ರ ನವೆಂಬರ್ 29ರಂದು ಆ ಶಸ್ತ್ರಕ್ರಿಯೆ ನಡೆಸಿದರು. ಮೂಲದೋಷ ಹಾಗೆಯೇ ಉಳಿಯಿತು. ಶ್ವಾಸಕೋಶಕ್ಕೆ ರಕ್ತ ದೊರೆಯಿತು.

ದೆಹಲಿಯ ಎಳೆ ಕೂಡುವುದು ಇಲ್ಲಿ. ಬರ್ಮಾದಲ್ಲಿ 1917ರಲ್ಲಿ ಜನಿಸಿದ ಡಾ. ಎಸ್. ಪದ್ಮಾವತಿಯವರು ಟಾಸಿಗ್ ಅವರಲ್ಲಿ ತರಬೇತಿ ಪಡೆದು ಬಂದು, ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ 1954ರಲ್ಲಿ ಉತ್ತರ ಭಾರತದ ಮೊದಲನೆಯದೆನಿಸಿದ ಹೃದಯ ಚಿಕಿತ್ಸಾಲಯವನ್ನೂ ಕ್ಯಾತಿಟರ್ ಪ್ರಯೋಗಾಲಯವನ್ನೂ ಆರಂಭಿಸಿದರು. ರಕ್ತನಾಳದ ಮೂಲಕ ತೆಳುನಳಿಕೆಯನ್ನು ಹೃದಯದೊಳಕ್ಕೆ ಸಾಗಿಸಿ, ಕೋಣೆಕೋಣೆಯ ಒತ್ತಡವನ್ನೂ ಆಮ್ಲಜನಕದ ಪ್ರಮಾಣವನ್ನೂ ಅಳೆದು, ಒಳರಚನೆಯನ್ನು ಊಹಿಸುವುದು ಇದರ ಕ್ರಮ. ಫಾಲೋ ವಿವರಿಸಿದ ದೋಷವನ್ನು ಹೃದಯ ತೆರೆದು ಸರಿಪಡಿಸುವ ಮೊದಲ ಶಸ್ತ್ರಕ್ರಿಯೆಯೂ ಅದೇ 1954ರಲ್ಲಿ ಅಮೆರಿಕೆಯ ಮಿನೆಸೋಟದಲ್ಲಿ ನಡೆಯಿತೆಂಬುದು ಗಮನಾರ್ಹ. ಆದರೂ ಪದ್ಮಾವತಿಯವರಿಗೆ ಖ್ಯಾತಿ ತಂದ ಅಧ್ಯಯನಗಳು ಹೆಚ್ಚಾಗಿ ಕೀಲುವಾತಜ್ವರದ ಹೃದ್ರೋಗವನ್ನೂ ಶ್ವಾಸಕೋಶದ ರೋಗದಿಂದ ಹೃದಯಕ್ಕಾಗುವ ಹಾನಿಯನ್ನೂ ಕುರಿತವು. ದೆಹಲಿಯ ರೋಗಿಗಳು ಮುಂದಿಟ್ಟ ಪ್ರಶ್ನೆಗಳೇ ಬೇರೆಯಾಗಿದ್ದುವೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಅಂಶ. ಇಂಥ ಮಗು ಆಟದ ನಡುವೆ ಥಟ್ಟನೆ ಕುಕ್ಕರಗಾಲಿನಲ್ಲಿ ಕೂರುತ್ತದೆ. ಇದರಿಂದ ದೇಹದತ್ತ ಸಾಗುವ ರಕ್ತಕ್ಕೆ ಪ್ರತಿರೋಧ ಹೆಚ್ಚಿ ಶ್ವಾಸಕೋಶಕ್ಕೆ ಹೆಚ್ಚು ರಕ್ತ ದೊರೆಯುತ್ತದೆ. ಕುಕ್ಕರಿಸುವುದು ಸಹಜ ಭಂಗಿಯಾಗಿರುವ ನಮ್ಮ ಮನೆಗಳಲ್ಲಿ ಇದು ಕಣ್ತಪ್ಪಿ ಹೋಗುವುದು ಸುಲಭ. ಇಂದು ಎಕೋ ಪರೀಕ್ಷೆ ಹೃದಯದೊಳಗಿನ ಗೋಡೆಗಳನ್ನು ನಳಿಕೆಯಿಲ್ಲದೆಯೇ ತೋರಿಸುತ್ತದೆ. ಆದರೆ ಮಗುವನ್ನು ಆ ಪರೀಕ್ಷೆಗೆ ಕರೆತರುವಂತೆ ಮಾಡುವುದು ಎಷ್ಟೋ ವೇಳೆ ತುಟಿ ಉಗುರುಗಳ ಬಣ್ಣ ಮತ್ತು ಈ ಕೂರುವಿಕೆ.