ದಕ್ಷಿಣೆಯಿಂದ ವರ್ಗಣಿಗೆ: ಪುಣೆಯ ಗ್ರಂಥಲೋಕ

ಪೇಶವೆಗಳ ಪುಣೆಯಲ್ಲಿ ಗ್ರಂಥವೆಂದರೆ ಕೈಬರಹದ ಪೋಥಿ. ಅದನ್ನು ಅಧ್ಯಯನ ಮಾಡಿದ ಬ್ರಾಹ್ಮಣನಿಗೆ ಶ್ರಾವಣಮಾಸದಲ್ಲಿ ದಕ್ಷಿಣೆ. ಹಾಗೆಂದು ಅಚ್ಚಿನ ಗಂಧವೇ ಅರಿಯದ ಊರೇನೂ ಅದಾಗಿರಲಿಲ್ಲ: ನಾನಾ ಫಡಣವೀಸನು ತಾಂಬಟನೊಬ್ಬನಿಂದ ತಾಮ್ರದ ತಗಡುಗಳಲ್ಲಿ ಭಗವದ್ಗೀತೆಯನ್ನು ಕೊರೆಯಿಸಲು ಉದ್ಯುಕ್ತನಾಗಿದ್ದನು, ಪುಣೆಯಲ್ಲಿ ಮುಗಿಯದ ಆ ಕಾರ್ಯವು ಮಿರಜಿನ ಪಟವರ್ಧನರ ಆಶ್ರಯದಲ್ಲಿ 1805ರಲ್ಲಿ ಸಿದ್ಧಿಸಿತು.

1818ರಲ್ಲಿ ರಾಜ್ಯವಳಿದರೂ ದಕ್ಷಿಣೆ ಅಳಿಯಲಿಲ್ಲ. ವಿದ್ವಾಂಸರ ಅಸಮಾಧಾನಕ್ಕೆ ಎಡೆಗೊಡಲೊಲ್ಲದ, ಬ್ರಿಟಿಷ್ ಅಧಿಕಾರಿ ಎಲ್ಫಿನ್‌ಸ್ಟನ್ನನ ಆಡಳಿತವು ಅದನ್ನು ಉಳಿಸಿಕೊಂಡು, ಅದರದೊಂದು ಪಾಲಿನಿಂದ 1821ರಲ್ಲಿ ವಿಶ್ರಾಮಬಾಗ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆಯಿತು. ಅಚ್ಚಿನ ಪುಸ್ತಕಗಳು ಬಂದಾಗ ಓದುಗರ ಅಭ್ಯಾಸಗಳನ್ನು ಬದಲಿಸುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಮಸಿಯಲ್ಲಿ ಕೊಬ್ಬಿದೆಯೆಂದು ಮಡಿವಂತರು ಹಾಳೆಯನ್ನೇ ಮುಟ್ಟಲೊಲ್ಲದಿರಲು, ತುಪ್ಪ ಬೆರೆಸಿದ ಮಸಿಯಿಂದ ಅಚ್ಚುಹಾಕಿದ ಮುದ್ರಕರೂ ಇದ್ದರು. ಕಲ್ಲಚ್ಚಿನ ಪುರಾಣಗಳು ಹೊಲಿಗೆಯಿಲ್ಲದ ಅಡ್ಡಹಾಳೆಗಳಾಗಿ, ಹಳೆಯ ಪೋಥಿಯ ವೇಷದಲ್ಲಿಯೇ ಮನೆಹೊಕ್ಕವು.

1848ರಲ್ಲಿ ನೇಟಿವ್ ಜನರಲ್ ಲೈಬ್ರರಿ, ಮರುವರ್ಷ ‘ಜ್ಞಾನಪ್ರಕಾಶ’ ಪತ್ರಿಕೆ ಹುಟ್ಟಿದುವು. ದಕ್ಷಿಣೆಯ ಹಣವನ್ನು ಮರಾಠಿ ಗ್ರಂಥಗಳ ಬಹುಮಾನಕ್ಕೆ ತಿರುಗಿಸಬೇಕೆಂದು ತರುಣರು ಮಾಡಿಕೊಂಡ ಬಿನ್ನಹವೂ ಆ ಕಾಲದ್ದೇ. ಶಾಸ್ತ್ರಿಮಂಡಲಿ ಕುಪಿತವಾಯಿತು, ಆದರೂ ಬಹುಮಾನದ ಸಮಿತಿ ಏರ್ಪಟ್ಟಿತು. ಅದರಿಂದ ಬಾಗಿಲು ಎಲ್ಲರಿಗೂ ತೆರೆಯಿತೆಂದು ಬಗೆದವರು ಜ್ಯೋತಿಬಾ ಫುಲೆಯವರ ಅನುಭವವನ್ನು ನೋಡತಕ್ಕದ್ದು. 1855ರಲ್ಲಿ ಅವರು ಒಪ್ಪಿಸಿದ ‘ತೃತೀಯ ರತ್ನ’ ನಾಟಕವನ್ನು ಸಮಿತಿ ತಿರಸ್ಕರಿಸಿತು. ಮೂವತ್ತು ವರ್ಷಗಳ ತರುವಾಯ ನ್ಯಾಯಮೂರ್ತಿ ರಾನಡೆಯವರು ಗ್ರಂಥಕಾರರ ಸಭೆಗೆ ಕರೆದಾಗ, ಸರ್ವರಿಗೂ ಮನುಷ್ಯರ ಹಕ್ಕುಗಳನ್ನು ಮನಸಾರೆ ಒಪ್ಪದವರ ಗ್ರಂಥಗಳಿಗೂ ತಮ್ಮವರ ಗ್ರಂಥಗಳಿಗೂ ಹೊಂದಿಕೆಯಾಗದೆಂಬ ಭಾವದಲ್ಲಿ ಪತ್ರ ಬರೆದು ಅವರು ಒಲ್ಲೆನೆಂದರು. ಪುಣೆಯ ಸಾಹಿತ್ಯೇತಿಹಾಸವನ್ನು ಕೇವಲ ಬಹುಮಾನಿತ ಕೃತಿಗಳಿಂದ ಬರೆಯುವವರು ಈ ಪತ್ರವನ್ನು ಮರೆಯಲಾಗದು.

ಧನಿಗಳಿಲ್ಲದ, ಸರಕಾರದ ಹಂಗಿಲ್ಲದ ಗದ್ಯಕ್ಕೆ ದಾರಿ ತೆರೆದವನು ವಿಷ್ಣುಶಾಸ್ತ್ರೀ ಚಿಪಳೂಣಕರ. 1874ರಲ್ಲಿ ಆರಂಭವಾದ ಅವನ ‘ನಿಬಂಧಮಾಲೆ’ಯು ವರ್ಗಣಿದಾರರ, ಅಂದರೆ ಚಂದಾದಾರರ, ಬಲದಿಂದ ಬೆಳೆಯಿತು, ಅವನ ಗದ್ಯ ಪ್ರಖರವಾದದ್ದು, ಫುಲೆಯವರ ವಿಷಯದಲ್ಲಿ ಮಾತ್ರ ಅನುದಾರವಾದದ್ದು. ಚಿತ್ರಶಾಲೆ, ಆರ್ಯಭೂಷಣ ಮುದ್ರಣಾಲಯ, 1881ರ ‘ಕೇಸರಿ’, ಹರಿ ನಾರಾಯಣ ಆಪಟೆಯವರ 1890ರ ‘ಕರಮಣೂಕ’ — ಎಲ್ಲವೂ ಅನುಕ್ರಮವಾಗಿ ಬಂದುವು.

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಿಗೆ ಈ ಗಾಳಿ ಬೀಸದಿರುವುದು ಅಶಕ್ಯವಾಗಿತ್ತು. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದರು; ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಮಾರಿದರು. ಅಂಚೆಯಿಂದ ವರ್ಗಣಿ ಬರುತ್ತಿದ್ದ ಪುಣೆಯ ಸಂಪಾದಕರಿಗೆ ಇಷ್ಟು ನಡೆಯುವ ಪ್ರಸಂಗ ಬಂದಿರಲಿಲ್ಲ.