ತಡವಾದ ವಿಮಾನಕ್ಕೆ ಕಾನೂನು ಕಟ್ಟಿದ ಬೆಲೆ

ನಮ್ಮ ಬೇಲಾಪುರದವರಿಗೆ ಈಗ ವಿಮಾನ ನಿಲ್ದಾಣ ಮಗ್ಗುಲಿಗೇ ಬಂದಿದೆ. 2025ರ ಡಿಸೆಂಬರ್ 25ರಿಂದ ಉಲ್ವೆ ಕಡೆ ವಿಮಾನಗಳು ಏರಿಳಿಯುತ್ತಿವೆ. ಮೊದಲೆಲ್ಲ ಹಾಗಿರಲಿಲ್ಲ. ಪರದೇಶದಿಂದ ಯಾರೇ ಬರಲಿ, ವಾಶಿ ಸೇತುವೆ ದಾಟಿ ಸಹಾರಿಗೆ ಹೋಗಿ, ಅಲ್ಲಿಯ ಕಂಬಿಗೆ ಒರಗಿ ನಿಲ್ಲಬೇಕಿತ್ತು. ನಾನು ಬಹಳ ಸಲ ನಿಂತವನು. ಒಂದು ಸಲದ್ದು ಮಾತ್ರ ಮರೆಯುವುದಿಲ್ಲ.

2004ರ ನವೆಂಬರ್. ಊರಲ್ಲಿ, ಕುಮಟಾದಲ್ಲಿ, ಅಮ್ಮ ತೀರಿಕೊಂಡಳು. ಅಣ್ಣ ಟೊರಾಂಟೊದಲ್ಲಿದ್ದ. ಸುದ್ದಿ ತಿಳಿದ ಕೂಡಲೇ ಹೋಗಿಬರುವ ಟಿಕೆಟ್ ತೆಗೆಸಿ ಫ್ರಾಂಕ್‌ಫರ್ಟ್ ಮೇಲೆ ಹೊರಟ. ನಾನು ಮನೆಯವರನ್ನು ಊರಿಗೆ ಕಳಿಸಿ, ಅವನನ್ನು ಕರಕೊಂಡೇ ಹೋಗೋಣ ಅಂತ ಉಳಿದೆ. ಬೆಳಿಗ್ಗೆ ಗೋವಾಕ್ಕೆ ಇಬ್ಬರಿಗೂ ವಿಮಾನ, ಅಲ್ಲಿಂದ ಕಾರು.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಕೆಟ್ಟಿತು. ಸಹಾರಿನ ಬೋರ್ಡಿನ ಮೇಲೆ ಮೊದಲು ಎರಡು ಗಂಟೆ ತಡ ಅಂತ ಬಂತು. ಆಮೇಲೆ ಇನ್ನೂ ಮೂರು. ಬೆಳಗಾದ ಮೇಲೆ ಮತ್ತೆ ನಾಲ್ಕು... ಊರಿಂದ ತಮ್ಮನ ಫೋನು: "ದೊಡ್ಡಣ್ಣ ಎಷ್ಟೊತ್ತಿಗೆ ಬರ್ತಾನೆ? ಇನ್ನೂ ಎಷ್ಟು ಕಾಯೋದು?" ಕೊನೆಗೆ ನಾನೇ ಹೇಳಿದೆ, "ನೀನೇ ಮುಗಿಸಿಬಿಡು" ಅಂತ. ವಿಮಾನ ಬಂದದ್ದು ಹದಿನೇಳು ಗಂಟೆ ತಡವಾಗಿ. ಮೊದಲೇ ಹದಿನೇಳು ಅಂದಿದ್ದರೆ ನಾನೊಬ್ಬನಾದರೂ ಬೆಳಗಿನ ವಿಮಾನ ಹಿಡಿದು ಅಮ್ಮನ ಮುಖ ನೋಡುತ್ತಿದ್ದೆ. 'ಇನ್ನೆರಡೇ ಗಂಟೆ' ಎಂಬ ಮಾತು ನನ್ನನ್ನು ಅಲ್ಲೇ ಕಟ್ಟಿಹಾಕಿತು.

ಹದಿಮೂರನೇ ದಿನ ಮುಗಿಸಿ ಬಂದ ಮೇಲೆ ಬ್ಯಾಂಕಿನವನ ಬುದ್ಧಿ ಎಚ್ಚರವಾಯಿತು. ತಡಕ್ಕೆ ಕಾನೂನು ಏನನ್ನುತ್ತದೆ ನೋಡೋಣ ಅಂತ ಹೊರಟೆ. ನೋಡಿದರೆ ಈ ಕಾನೂನು ನನ್ನ ಅಪ್ಪನಿಗಿಂತ ಹಳೆಯದು!

1929ರ ಅಕ್ಟೋಬರ್ 12ರಂದು ವಾರ್ಸಾದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಪ್ರಯಾಣಿಕ, ಅವನ ಸಾಮಾನು ಅಥವಾ ಸರಕು ತಡವಾಗಿ ನಷ್ಟವಾದರೆ ವಿಮಾನ ಕಂಪನಿಯೇ ಹೊಣೆ ಅಂತ ಅದರ 19ನೇ ಕಲಮು ಹೇಳಿತು. ಅದರ ಬೆನ್ನಿಗೇ 20ನೇ ಕಲಮು: ಬೇಕಾದ ಎಲ್ಲ ಕ್ರಮ ಕೈಗೊಂಡಿದ್ದೆವೆಂದು ತೋರಿಸಿದರೆ ಕಂಪನಿ ಪಾರು. ನಮ್ಮಲ್ಲಿ 1934ರಲ್ಲೇ ಬ್ರಿಟಿಷ್ ಸರಕಾರ ಇದನ್ನು ಕಾಯ್ದೆ ಮಾಡಿತು. ಸ್ವಾತಂತ್ರ್ಯದ ನಂತರ 1972ರಲ್ಲಿ ಹೊಸ ಕಾಯ್ದೆ ಬಂತು.

ನನಗೆ ಕುತೂಹಲ ಹುಟ್ಟಿಸಿದ್ದು ಪರಿಹಾರದ ಲೆಕ್ಕ. ಪ್ರತಿ ಪ್ರಯಾಣಿಕನಿಗೆ 1,25,000 ಫ್ರಾಂಕಿನ ಮಿತಿ. ಯಾವ ಫ್ರಾಂಕು? 900ರ ಶುದ್ಧತೆಯ, 65.5 ಮಿಲಿಗ್ರಾಂ ಚಿನ್ನದ ಫ್ರಾಂಕು. ನೋಟಿನ ಬೆಲೆ ಕುಸಿದರೂ ಇದು ಕುಸಿಯದಿರಲಿ ಅಂತ. ಮುಂದೆ ಚಿನ್ನದ ಕಾಲ ಮುಗಿಯಿತು. 1999ರ ಮಾಂಟ್ರಿಯಲ್ ಒಪ್ಪಂದ ಎಸ್‌ಡಿಆರ್ ಹಿಡಿಯಿತು. ಇದು ಅಂತಾರಾಷ್ಟ್ರೀಯ ಹಣಕಾಸು ನಿಧಿ 1969ರಲ್ಲಿ ಹುಟ್ಟಿಸಿದ ಲೆಕ್ಕದ ಹಣ. ಕೈಗೆ ಸಿಗುವ ನೋಟಲ್ಲ. ಈಗ ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಈ ಐದರ ಮೇಲೆ ಅದರ ಬೆಲೆ ನಿಂತಿದೆ. ತಡಕ್ಕೆ ಮೊದಲು 4,150 ಎಸ್‌ಡಿಆರ್ ಮಿತಿಯಿತ್ತು. 2024ರ ಡಿಸೆಂಬರ್ 28ರಿಂದ ಒಪ್ಪಂದದ ಪ್ರಕಾರ ಅದು 6,303. ನಮ್ಮ ಹಣದಲ್ಲಿ ಆರು ಲಕ್ಷ ರೂಪಾಯಿಗೂ ಮೇಲೆ. ಹಿಗ್ಗಬೇಡಿ, ಅದು ಮೇಲಿನ ಮಿತಿ ಮಾತ್ರ. ರಸೀದಿ ತೋರಿಸಿದಷ್ಟೇ ಸಿಗುವುದು.

ಇನ್ನೊಂದು ವಿಚಿತ್ರ ನೋಡಿ. 2004ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಕೆನಡಾ ಸೇರಿತ್ತು, ಭಾರತ ಸೇರಿರಲಿಲ್ಲ. ಹೋಗಿಬರುವ ಟಿಕೆಟ್ಟಿಗೆ ಕಾನೂನಿನ ಕಣ್ಣಲ್ಲಿ ಹೊರಟ ಊರೇ ಕೊನೆಯ ಊರು. ಹಾಗಾಗಿ ಟೊರಾಂಟೊದಿಂದ ಹೋಗಿಬರುವ ಟಿಕೆಟ್ ತೆಗೆದ ಅಣ್ಣನಿಗೆ ಹೊಸ ಕಾನೂನು. ಅದೇ ವಿಮಾನದಲ್ಲಿ ಮುಂಬಯಿಯಿಂದ ಹೋಗಿಬರುವ ಟಿಕೆಟ್ ತೆಗೆದು ಮರಳುತ್ತಿದ್ದವರಿಗೆ ಹಳೆಯ ಕಾನೂನು! ಪಕ್ಕದ ಸೀಟು, ಅದೇ ಹದಿನೇಳು ಗಂಟೆ. ಈ ಭೇದ ಹೋದದ್ದು 2009ರ ಜೂನ್ 30ರಿಂದ, ಭಾರತಕ್ಕೂ ಮಾಂಟ್ರಿಯಲ್ ಒಪ್ಪಂದ ಅನ್ವಯವಾದಾಗ.

ಅಣ್ಣನ ಹೆಸರಲ್ಲಿ ಕಾಗದ ಬರೆದೆ. ಕೋರ್ಟಿಗೆ ಹೋಗಲು ಎರಡು ವರ್ಷದ ಗಡುವು ಇತ್ತು. ಸಾಮಾನು ತಡವಾಗಿದ್ದರೆ ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕಿತ್ತು. ಐದು ತಿಂಗಳ ಮೇಲೆ ಅಣ್ಣನ ಗೋವಾ ಟಿಕೆಟ್ಟಿನ ಹಣ ಬಂತು. ನನ್ನ ಟಿಕೆಟ್ಟಿನದು ಇಲ್ಲ. ನಾನು ಪ್ರಯಾಣಿಕನಲ್ಲವಲ್ಲ, ಕಾದವನು! ಮನಸ್ಸಿನ ನೋವಿನ ಮಾತನ್ನು ಎತ್ತಲೇ ಇಲ್ಲ. ಬರಿಯ ಮನೋವೇದನೆಗೆ ಈ ಒಪ್ಪಂದದಡಿ ಪರಿಹಾರವಿಲ್ಲವೆಂದು ಅಮೆರಿಕದ ಹಲವು ಕೋರ್ಟುಗಳು ಹೇಳಿವೆ.

ಅಣ್ಣನ ಪ್ರಯಾಣ ಮೂರು ತಿಂಗಳು ಮುಂದೆ ಹೋಗಿದ್ದರೂ ಫ್ರಾಂಕ್‌ಫರ್ಟಿನಲ್ಲಿ ಯುರೋಪಿನ ಹೊಸ ನಿಯಮ ಸಿಗುತ್ತಿತ್ತು. ಊಟ, ಹೋಟೆಲು ಕೊಡಲೇಬೇಕೆಂಬ ಆ ನಿಯಮ 2005ರ ಫೆಬ್ರುವರಿ 17ರಿಂದ ಜಾರಿ. ಮೂರು ಗಂಟೆ ಮೀರಿ ತಡವಾಗಿ ತಲುಪಿದವರಿಗೂ ಹಣ ಕೊಡಬೇಕೆಂದು ಅಲ್ಲಿಯ ನ್ಯಾಯಾಲಯ ಹೇಳಿದ್ದು 2009ರ ನವೆಂಬರಿನಲ್ಲಿ. ದೂರದ ಪ್ರಯಾಣಕ್ಕೆ 600 ಯೂರೋವರೆಗೆ. ನಮ್ಮ ಡಿಜಿಸಿಎ 2010ರ ಆಗಸ್ಟ್ 15ರಿಂದ ಊಟ, ವಸತಿಯ ನಿಯಮ ತಂದಿತು. ತಡಕ್ಕೆಂದೇ ನಗದು ಅದರಲ್ಲಿಲ್ಲ.

ಇವೆಲ್ಲ ಬೆಲೆ ಕಟ್ಟಿದ್ದು ತಡವಾದ ಗಂಟೆಗಳಿಗೆ, ಆದ ಖರ್ಚಿಗೆ. ಗಂಟೆಗೊಮ್ಮೆ 'ಇನ್ನು ಸ್ವಲ್ಪ' ಅನ್ನುವ ಆ ಬೋರ್ಡಿಗೆ ಎಷ್ಟು?

ಅಣ್ಣ ಈಗಲೂ ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಬೋರ್ಡಿಂಗ್ ಪಾಸ್, ರಸೀದಿ ಎಸೆಯಬೇಡ ಅಂತ ಪ್ರತಿಸಲ ಹೇಳುತ್ತೇನೆ. "ನೀನು ಮನೆಯಲ್ಲೇ ಇರು, ಇಳಿದ ಮೇಲೆ ಫೋನ್ ಮಾಡ್ತೇನೆ" ಅನ್ನುತ್ತಾನೆ ಅವನು.