ಅಗ್ರಹಾರದ ಅಡಿಗಲ್ಲು

ತಿಪಟೂರಿನ ಕೊಬ್ಬರಿ ಪೇಟೆಯನ್ನು ಹಿಂದಿಕ್ಕಿ, ತೆಂಗಿನ ತೋಟಗಳ ನಡುವೆ ಆಗ್ನೇಯಕ್ಕೆ ಸಾಗಿ ತುರುವೇಕೆರೆಯನ್ನು ಹೊಕ್ಕವನಿಗೆ, ಅಂಗಡಿಸಾಲುಗಳ ಈ ಊರು ಹೊಯ್ಸಳ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ (1254–1291) ಸೋಮಣ್ಣ ದಂಡನಾಯಕನು ನೆಲೆಗೊಳಿಸಿದ ಅಗ್ರಹಾರದ ಮೇಲೆಯೇ ನಿಂತಿದೆಯೆಂಬುದು ಒಮ್ಮೆಗೇ ಹೊಳೆಯಲಾರದು. ಅಗ್ರಹಾರದ ಮಣ್ಣಿನ ಗೋಡೆಗಳು ಮಣ್ಣಿಗೆ ಮರಳಿ, ಅವುಗಳ ಮೇಲೆ ತಲೆಮಾರಿನಿಂದ ತಲೆಮಾರಿಗೆ ಹೊಸ ಪಾಯಗಳು ಎದ್ದುವು. ಕಣ್ಣಿಗೆ ಉಳಿದುವು ಚೆನ್ನಕೇಶವ, ಮೂಲೆ ಶಂಕರೇಶ್ವರ ಗುಡಿಗಳು, ಗಂಗಾಧರೇಶ್ವರನ ಸನ್ನಿಧಿಯಲ್ಲಿ ಕನ್ನಡಿಯಂತೆ ನುಣುಪೇರಿದ ಕರಿಯ ನಂದಿ. ಆ ನಂದಿಯ ಕೊರಳಿನ ಸರಗಳ ಮೇಲೆ ಬೆರಳಾಡಿಸಿದವರಿಗೆ ಶಿಲ್ಪಿಯ ತಾಳ್ಮೆಯನ್ನು ಬೇರೆ ವರ್ಣಿಸಬೇಕಾಗಿಲ್ಲ.

ಗುಡಿ ಉಳಿದು ಮನೆ ಅಳಿದುದಕ್ಕೆ ಕಾರಣ ಸರಳ: ದೇವರಿಗೆ ಕಲ್ಲು, ಮನುಷ್ಯನಿಗೆ ಮಣ್ಣು ಮತ್ತು ಮರ. ಹೊಯ್ಸಳರು ನೆಚ್ಚಿದ ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು, ಗಾಳಿ ತಾಗಿದಂತೆ ಗಡುಸಾಗುತ್ತದೆ.

ನೆಲವನ್ನು ಶಾಸ್ತ್ರೀಯವಾಗಿ ಅಗೆದರೆ ಏನು ದೊರೆಯುವುದೆಂಬುದಕ್ಕೆ ಹಳೇಬೀಡೇ ಸಾಕ್ಷಿ. 1311ರಲ್ಲಿ ಮಲಿಕ್ ಕಾಫೂರನ ದಾಳಿಯನ್ನು ಕಂಡ, ಅಂದು ದೋರಸಮುದ್ರವೆನಿಸಿದ್ದ ಆ ಊರಿನ ನಗರೇಶ್ವರ ನಿವೇಶನದಲ್ಲಿ, ದಿಬ್ಬಗಳ ಮಣ್ಣು ಸರಿಸಿದ ಪುರಾತತ್ತ್ವಜ್ಞರಿಗೆ ಹಲವು ದೇವಾಲಯಗಳ ಅಧಿಷ್ಠಾನಗಳು ದೊರೆತುವು; ಮೇಲ್ಕಟ್ಟಡವಿಲ್ಲದಿದ್ದರೂ ಗರ್ಭಗೃಹವೆಲ್ಲಿ, ನವರಂಗವೆಲ್ಲಿ ಎಂಬುದನ್ನು ಆ ತಳವಿನ್ಯಾಸದಿಂದಲೇ ಓದಬಹುದು. ತುರುವೇಕೆರೆಯಲ್ಲಿ ಅಂಥ ಓದು ಕಠಿನ, ಏಕೆಂದರೆ ಮೇಲೆ ಜನರು ಬಾಳುತ್ತಿದ್ದಾರೆ. ಅವರನ್ನು ಎಬ್ಬಿಸಿ ಅಗೆಯುವುದು ನ್ಯಾಯವೂ ಅಲ್ಲ. ಆದರೆ ಮನೆಗೆ ಪಾಯ ತೆಗೆಯುವಾಗಲೋ, ತೆಂಗಿನ ಸಸಿಗೆ ಮೂರಡಿ ಗುಂಡಿ ತೋಡುವಾಗಲೋ ಕೆತ್ತಿದ ಕಲ್ಲೊಂದು ಗುದ್ದಲಿಗೆ ತಾಗಿದರೆ, ಅದನ್ನು ಬಟ್ಟೆ ಒಗೆಯುವ ಕಲ್ಲಾಗಿಸುವ ಮುನ್ನ ಅದು ಸಿಕ್ಕಿದ ಎಡೆಯನ್ನೂ ಆಳವನ್ನೂ ಗುರುತಿಸಿಡುವುದು ಯಾವ ಗೃಹಸ್ಥನಿಗೂ ಅಸಾಧ್ಯವಲ್ಲ.